ಮೊದಲು ನಿನ್ನ ತಟ್ಟೆಗೆ ಹಾಕ್ಕೋ

ಕೋಲಾರ
ಭಾನುವಾರ ರಾತ್ರಿ

ಪುಟ್ಟಿ,

ನೀನು ಕಳಿಸಿದ ರಿಪೋರ್ಟ್ ನೋಡಿದೆ. ಹಿಮೋಗ್ಲೋಬಿನ್ 8.5. ಹೆಂಗಸರಿಗೆ ಕಡೇಪಕ್ಷ 12 ಇರಬೇಕು. "ಏನಿಲ್ಲಪ್ಪ, ಸ್ವಲ್ಪ ಸುಸ್ತು ಅಷ್ಟೇ" ಅಂದೆ. ಅದೇ ಫೋನಿನಲ್ಲಿ, ರೂಮಿನವರಿಗೆಲ್ಲ ಮಟನ್ ಸಾರು ಮಾಡಿ ಬಡಿಸಿದೆ, ನನಗೆ ಬರೀ ಸಾರು ಉಳೀತು ಅಂತ ನಗುತ್ತಾ ಹೇಳಿದೆ. ನಾನು ರೇಗಿದ್ದು ಆ ಮಾತಿಗೆ. ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಆದರೆ ಯಾಕೆ ರೇಗಿದೆ ಅಂತ ನಿನಗೆ ಗೊತ್ತಿರಲಿ.

ನಮ್ಮೂರಲ್ಲಿ ಯುಗಾದಿ ಮಾರನೇ ದಿನ ಹೊಸತೊಡಕಿಗೆ ಊರವರು ಸೇರಿ ಗುಡ್ಡೆ ಮಾಂಸ ಹಾಕಿ ಪಾಲು ಹಂಚಿಕೊಳ್ಳುತ್ತಿದ್ದರು. ನಿನ್ನ ಅಜ್ಜಿ ಬೆಳಗ್ಗೆಯಿಂದ ಒಲೆ ಮುಂದೆ. ಮೊದಲು ತಾತ, ಚಿಕ್ಕಪ್ಪಂದಿರು ಊಟಕ್ಕೆ ಕೂರುತ್ತಿದ್ದರು. ಆಮೇಲೆ ನಾವು ಹುಡುಗರು, ಆಮೇಲೆ ಹೆಣ್ಣುಮಕ್ಕಳು. ನಲ್ಲಿ ಮೂಳೆ ಯಾವಾಗಲೂ ನನಗೇ ಬರುತ್ತಿತ್ತು. ಎಲ್ಲರದೂ ಆದಮೇಲೆ ಅಜ್ಜಿ ಆ ಸಾರಿನ ಪಾತ್ರೆಗೇ ಒಂದು ಮುದ್ದೆ ಹಾಕಿಕೊಂಡು, ತಳಕ್ಕೆ ಅಂಟಿದ್ದ ಮಸಾಲೆ ಬಳಿದು ತಿನ್ನುತ್ತಿದ್ದಳು. "ನಿಂಗೆ ಬಾಡು?" ಅಂದರೆ "ನಂಗೆ ಸಾರೇ ಇಷ್ಟ ಕಣೋ" ಅನ್ನುತ್ತಿದ್ದಳು.

ಅಕ್ಕಿ ಆರಿಸುವಾಗ ಹಸಿ ಅಕ್ಕಿಯನ್ನು ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಮಗೆ ಅದು ಅವಳ ಅಭ್ಯಾಸ, ಅಷ್ಟೇ. ಹೊಲದಲ್ಲಿ ಕಳೆ ಕೀಳುತ್ತಾ ಬಿದ್ದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇಲ್ಲ, ಸುಣ್ಣ ಬಳಿದ ಹಾಗಿತ್ತು. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನಬೇಕು ಅನ್ನಿಸುವುದೇ ರಕ್ತದಲ್ಲಿ ಕಬ್ಬಿಣ ಕಡಿಮೆಯಾಗಿರುವ ಗುರುತು ಅಂತ ಆವತ್ತು ತಿಳೀತು. ಪುಟ್ಟಿ, ನೀನೂ ಹಸಿ ಅಕ್ಕಿ ತಿಂತಿದೀಯಾ? ನಿಜ ಹೇಳು. ಸುಮ್ನೆ ಕೇಳುತ್ತಿಲ್ಲ.

ಅಜ್ಜಿಗೆ ಕೊನೆಯಲ್ಲಿ ತಿನ್ನುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನಿನಗೇನಾಗಿದೆ? ನಿನ್ನ ಸಂಬಳ, ನಿನ್ನ ರೂಮು, ನೀನೇ ತಂದ ಮಾಂಸ. ನಮ್ಮ ಮನೆಯಲ್ಲಿ ಹೊರ ರಾಜ್ಯದಲ್ಲಿ ಒಬ್ಬಳೇ ಇದ್ದು ದುಡಿಯುತ್ತಿರುವ ಮೊದಲನೇ ಹುಡುಗಿ ನೀನು, ಅದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡುತ್ತೇನೆ. ಅಂಥವಳು ತಳ ಬಳಿದು ತಿಂದರೆ ನನಗೆ ಹೇಗಾಗಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತ ಕಡಿಮೆ ಅಂತ ಬಂದಿದೆ. ಬಡತನ ಒಂದೇ ಇದಕ್ಕೆ ಕಾರಣ ಅಂತ ನಾನು ನಂಬಲ್ಲ. ಬಡಿಸುವವಳು ಕೊನೆಗೆ ತಿನ್ನಬೇಕು ಅನ್ನುವುದೂ ಕಾರಣವೇ.

ಮುಂದಿನ ಭಾನುವಾರ ಹೀಗೆ ಮಾಡು. ಮೂಳೆ ಸಮೇತ ಅರ್ಧ ಕೆಜಿ ಮಟನ್ ತಾ, ಜೊತೆಗೆ ಸ್ವಲ್ಪ ಲಿವರ್ ಕೇಳಿ ಹಾಕಿಸಿಕೋ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಅರಿಶಿನದಲ್ಲಿ ಮಾಂಸ ಹುರಿ. ಅದು ಬಿಟ್ಟ ನೀರೆಲ್ಲ ಇಂಗುವವರೆಗೂ ಕೈ ಬಿಡಬೇಡ, ರುಚಿ ಇರುವುದೇ ಅಲ್ಲಿ. ಆಮೇಲೆ ನೀರು, ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸು. ತೆಂಗಿನಕಾಯಿ, ಗಸಗಸೆ, ಚಕ್ಕೆ, ಲವಂಗ, ಒಂದು ಹಿಡಿ ಕೊತ್ತಂಬರಿ ಸೊಪ್ಪು ನುಣ್ಣಗೆ ರುಬ್ಬಿ, ಖಾರದ ಪುಡಿ ಜೊತೆ ಹಾಕಿ ಎಣ್ಣೆ ಮೇಲೆ ತೇಲುವ ತನಕ ಕುದಿಸು. ಲಿವರ್ ಕೊನೆಯ ಹತ್ತು ನಿಮಿಷಕ್ಕೆ ಹಾಕು, ಮೊದಲೇ ಹಾಕಿದರೆ ಗಟ್ಟಿಯಾಗುತ್ತೆ. ಅವರೆಕಾಯಿ ಸಿಕ್ಕರೆ ಕಾಳು ಬಿಡಿಸಿ ಹಾಕು.

ಪಕ್ಕಕ್ಕೆ ದಂಟಿನ ಸೊಪ್ಪಿನ ಪಲ್ಯ, ಹುರುಳಿಕಾಯಿ ಪಲ್ಯ ಇರಲಿ. ಪುಣೆಯ ಅಂಗಡಿಗಳಲ್ಲಿ ನಾಚಣಿ ಹಿಟ್ಟು ಅಂತ ಕೇಳು, ನಮ್ಮ ರಾಗಿನೇ ಅದು. ಮುದ್ದೆ ಮಾಡೋದು ನಿನಗೆ ಹೇಳಿಕೊಡಬೇಕಾಗಿಲ್ಲ, ಅಮ್ಮನಿಗಿಂತ ಚೆನ್ನಾಗಿ ತೊಳಸುತ್ತೀಯ. ಮಾಂಸದಲ್ಲಿರುವ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ, ಸೊಪ್ಪಿನದು ಅಷ್ಟು ಸುಲಭವಾಗಿ ಹತ್ತಲ್ಲ. ಅದಕ್ಕೇ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೋ. ಊಟ ಆದ ತಕ್ಷಣ ಟೀ ಕುಡಿಯುವುದನ್ನು ದಯವಿಟ್ಟು ಬಿಡು, ತಿಂದ ಕಬ್ಬಿಣ ಮೈಗೆ ಹತ್ತುವುದನ್ನೇ ಅದು ತಡೆಯುತ್ತದೆ. ಭಾಷಣ ಜಾಸ್ತಿ ಆಯ್ತು ಅಂತ ಗೊತ್ತು. ಇನ್ನೊಂದೇ ಮಾತು. ಬರೀ ಊಟದಿಂದ 8.5 ಮೇಲೇರಲ್ಲ, ಡಾಕ್ಟರು ಕೊಟ್ಟ ಮಾತ್ರೆ ಹೊಟ್ಟೆ ತೊಳಸಿದರೂ ನಿಲ್ಲಿಸಬೇಡ. ತಡೆಯೋಕೆ ಆಗದಿದ್ದರೆ ಅವರನ್ನೇ ಕೇಳಿ ಬೇರೆ ಬರೆಸಿಕೋ. ರಕ್ತ ಯಾಕೆ ಇಷ್ಟು ಕಡಿಮೆಯಾಯ್ತು ಅಂತಲೂ ಕೇಳು. ತಿಂಗಳ ಮುಟ್ಟು ಜಾಸ್ತಿ ಆಗುತ್ತಿದೆಯಾ ಅಂತ ಅಮ್ಮ ವಿಚಾರಿಸುತ್ತಿದ್ದಾಳೆ. ಅಪ್ಪನ ಹತ್ತಿರ ಹೇಳೋಕೆ ಸಂಕೋಚ ಆದರೆ ಅವಳಿಗೆ ಫೋನ್ ಮಾಡು.

ಸ್ನೇಹಿತರಿಗೆ ಬಡಿಸಬೇಡ ಅಂತ ನಾನು ಹೇಳಲ್ಲ. ಧಾರಾಳವಾಗಿ ಬಡಿಸು, ನಿನ್ನ ಅಜ್ಜಿಯ ಕೈಗುಣ ನಿನಗೆ ಬಂದಿದೆ. ಪಾತ್ರೆ ಇಳಿಸಿದ ಕೂಡಲೇ ನಿನ್ನ ತಟ್ಟೆಗೆ ಹಾಕಿಕೊಂಡು ಅವರ ಜೊತೆಗೇ ಕೂತ್ಕೋ, ಬೇಕಾದವರು ಅವರವರೇ ಬಡಿಸಿಕೊಳ್ಳಲಿ. ಖಾರದ ಪುಡಿಗೆ ಅಮ್ಮ ಎಲ್ಲ ಹುರಿದಿಟ್ಟಿದ್ದಾಳೆ, ನಾಳೆ ಗಿರಣಿಗೆ ಹಾಕಿಸಿ ಕೊರಿಯರ್ ಮಾಡುತ್ತೇನೆ. ನಿನ್ನ ರೂಮಿನ ಪಿನ್‌ಕೋಡ್ ಕಳಿಸು.

ಅಪ್ಪ