ಗೋಪಾಲಗೌಡ್ರು ಸೋತಿದ್ರು ಸ್ವಾಮಿ, ಸೋಲಿಸಿದ್ದು ನಮ್ಮ ಕಡೆಯವರೇ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ಶಾಂತವೇರಿ ಗೋಪಾಲಗೌಡ್ರ ಮೇಲೆ ಅರ್ಧ ಪೇಜು ಲೇಖನ ಬಂದಿತ್ತು. ಖುಷಿ ಆಯ್ತು. ಆದ್ರೆ ಹೆಡ್ಡಿಂಗಲ್ಲಿ ‘ಸೋಲರಿಯದ ಸಮಾಜವಾದಿ’ ಅಂತ ಹಾಕಿದೀರಲ್ಲ, ಅದನ್ನ ನೋಡಿ ಕಾಫಿ ಲೋಟ ಕೆಳಗಿಟ್ಟೆ. ಅವರು ಸೋತಿದ್ರು ಮಾರಾಯ್ರೆ. 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ರು, 1957ರಲ್ಲಿ ಸೋತ್ರು, ಆಮೇಲೆ 1962 ಮತ್ತೆ 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ರು. ಮೂರು ಗೆಲುವು, ಮಧ್ಯ ಒಂದು ಸೋಲು. ಒಂದು ಇಸವಿ ಬಿಟ್ಟೋಯ್ತು ಅಷ್ಟೇ ತಾನೇ, ಇದಕ್ಕೆ ಇಷ್ಟುದ್ದ ಪತ್ರ ಬರೀಬೇಕಾ ಅಂತ ನಮ್ಮನೆಯವಳೂ ಕೇಳಿದ್ಲು. ಬರೀಬೇಕು ಅನ್ನಿಸ್ತು, ಯಾಕಂದ್ರೆ ಆ ಒಂದು ಸೋಲನ್ನ ಬಿಟ್ಟು ಅವರ ಕತೆ ಹೇಳಿದ್ರೆ ನಾವು ಓಟು ಹಾಕೋರು ಭಾಳ ಒಳ್ಳೆಯವರ ಹಂಗೆ ಕಾಣ್ತೀವಿ.

ನೀವು ಬರ್ದಿದ್ದೆಲ್ಲ ಸುಳ್ಳು ಅಂತಲ್ಲ. ‘ಒಂದು ಓಟು, ಒಂದು ನೋಟು’ ಅಂತ ಊರೂರು ತಿರುಗಿ ಕೇಳಿದ್ದು ನಿಜ, ನಮ್ಮಜ್ಜನೂ ಕೊಟ್ಟಿದ್ರಂತೆ. ಆಗಿನ ಎಲೆಕ್ಷನ್ನಲ್ಲಿ ಈಗಿನ ಹಂಗೆ ಒಂದೇ ಚೀಟಿಲಿ ಎಲ್ಲರ ಹೆಸರು ಇರ್ತಿರ್ಲಿಲ್ಲ, ಒಬ್ಬೊಬ್ಬ ಕ್ಯಾಂಡಿಡೇಟಿಗೂ ಒಂದೊಂದು ಬೇರೆ ಡಬ್ಬಿ, ಡಬ್ಬಿ ಮೇಲೆ ಗುರುತಿನ ಚಿತ್ರ. ಕಾಂಗ್ರೆಸ್ಸಿನದ್ದು ಜೋಡೆತ್ತು, ಸೋಷಲಿಸ್ಟರದ್ದು ಆಲದ ಮರ. ಓದು ಬರಹ ಬಾರದ ನಮ್ಮಜ್ಜ ಕೊಟ್ಟ ಚೀಟಿ ಮಡಚಿಕೊಂಡು ಒಳಗೆ ಹೋಗಿ ಮರದ ಡಬ್ಬಿಗೆ ಹಾಕಿ ಬಂದ್ರು, ಬಂದು ಮೂರು ದಿನ ಒಡೇರ (ಜಮೀನ್ದಾರರ) ಮನೆ ಕಡೆ ತಲೆ ಹಾಕಲಿಲ್ಲ ಅಂತ ಅಜ್ಜಿ ಹೇಳ್ತಿದ್ಲು. ಹೆದರಿಕೆ. ಡಬ್ಬಿ ಒಳಗೆ ಯಾರ ಚೀಟಿ ಯಾವುದು ಅಂತ ಗೊತ್ತಾಗಲ್ಲ ಅಂತ ಎಷ್ಟು ಹೇಳಿದ್ರೂ ಗೇಣಿ ಮಾಡೋನಿಗೆ ನಂಬಿಕೆ ಬರ್ಬೇಕಲ್ಲ.

ಇಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಬರುತ್ತೆ. ನಿಮ್ಮ ಲೇಖನದಲ್ಲಿ ಕಾಗೋಡು ಹೋರಾಟನ ಗೋಪಾಲಗೌಡ್ರೇ ಹುಟ್ಟುಹಾಕಿದ್ದು ಅನ್ನೋ ಹಂಗೆ ಬಂದಿದೆ, ಅದೂ ಸರಿಯಲ್ಲ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಕೊಂಡು ಗೇಣಿದಾರರನ್ನ ಒಟ್ಟು ಮಾಡಿದ್ರು, 1951ರಲ್ಲಿ ಸತ್ಯಾಗ್ರಹ ಶುರುವಾಯ್ತು, ಸೋಷಲಿಸ್ಟ್ ಪಾರ್ಟಿಯವರು ಅದನ್ನ ಕೈಗೆ ತಗೊಂಡ್ರು, ಗೋಪಾಲಗೌಡ್ರು ಮುಂದೆ ನಿಂತ್ರು, ಸೋಷಲಿಸ್ಟ್ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಅರೆಸ್ಟ್ ಆದ್ರು, ಅಲ್ಲಿಗೆ ದೇಶಕ್ಕೆಲ್ಲ ಕಾಗೋಡು ಅಂತ ಒಂದು ಊರಿದೆ ಅಂತ ಗೊತ್ತಾಯ್ತು. ಜಗಳ ಶುರುವಾಗಿದ್ದು ಕೊಳಗದಿಂದ. ಗೇಣಿ ಅಳೆಯೋ ಕೊಳಗ ದೊಡ್ಡದು, ಅಷ್ಟೇ. ಈಗಿನ ಹುಡುಗರಿಗೆ ಕೊಳಗ ಅಂದ್ರೆ ಮದುವೆ ಮಂಟಪದ ಮುಂದೆ ಶೋಗೆ ಇಡೋ ಹಿತ್ತಾಳೆ ಸಾಮಾನು, ಆದ್ರೆ ಅಳತೆ ಒಂದು ಸೇರು ಜಾಸ್ತಿ ಆದ್ರೆ ಒಕ್ಕಲಿನವನ ಮನೇಲಿ ಮಳೆಗಾಲದ ಅಕ್ಕಿ ಎಷ್ಟು ವಾರ ಮೊದಲೇ ಮುಗಿಯುತ್ತೆ ಅನ್ನೋ ಲೆಕ್ಕ ಆಗಿನ ಹೆಂಗಸರಿಗೆ ಬಾಯಿಪಾಠ ಇತ್ತು.

ಇನ್ನೊಂದು ತಮಾಷೆ ನೋಡಿ. 1952ರ ಅದೇ ಎಲೆಕ್ಷನ್ನಲ್ಲಿ ಗೇಣಿದಾರರ ಪರ ನಿಂತ ಗೋಪಾಲಗೌಡ್ರು ಕಾಂಗ್ರೆಸ್ಸಿನ ಬದರಿನಾರಾಯಣ್ ಅವರನ್ನ ಸೋಲಿಸಿ ಎಮ್ಮೆಲ್ಲೆ ಆದ್ರು, ಕಾಗೋಡಿನ ಜಮೀನ್ದಾರರು ಕೆ.ಜಿ. ಒಡೆಯರ್ ಕಾಂಗ್ರೆಸ್ಸಿಂದ ಶಿವಮೊಗ್ಗದ ಎಂಪಿ ಆದ್ರು. ನಮ್ಮ ಜನ ಬೆಂಗಳೂರಿಗೆ ಗೇಣಿದಾರರ ಕಡೆಯವರನ್ನ ಕಳಿಸಿದ್ರು, ಡೆಲ್ಲಿಗೆ ಒಡೇರನ್ನ ಕಳಿಸಿದ್ರು. ಇದನ್ನ ಯಾವ ಪೊಲಿಟಿಕಲ್ ಪಂಡಿತ್ರು ಹೆಂಗೆ ಅರ್ಥ ಮಾಡ್ತಾರೋ ಗೊತ್ತಿಲ್ಲ, ನನಗಂತೂ ಮಲೆನಾಡಿನವರ ಬುದ್ಧಿ ಪೂರ್ತಿ ಇದರೊಳಗೆ ಕಾಣುತ್ತೆ. ನಮಗೆ ಯಾರೂ ಸಿಟ್ಟಾಗಬಾರದು.

ಈಗ 1957ಕ್ಕೆ ಬರ್ತೀನಿ. ಐದು ವರ್ಷ ಸದನದಲ್ಲಿ ಕೂತು ಗೇಣಿ, ಭೂಮಿ, ಕನ್ನಡ ಅಂತ ಮಾತಾಡಿದ ಮನುಷ್ಯನನ್ನ ಸೋಲಿಸಿ ಮನೇಲಿ ಕೂರಿಸಿದ್ವಿ. ಸರಿ, ಎಲೆಕ್ಷನ್ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ, ಬಂಗಾರಪ್ಪ ಥರ 1967ರಿಂದ 1994ರ ತನಕ ಏಳು ಸಲ ಸೊರಬದಲ್ಲಿ ಗೆಲ್ಲೋದು ಎಲ್ಲರಿಗೂ ಆಗೋ ಕೆಲಸ ಅಲ್ಲ (ಪಾರ್ಟಿ, ಗುರುತು ಏನೇ ಬದಲಾದ್ರೂ ಸೊರಬ ಮಾತ್ರ ಅವರ ಜೊತೆಗೇ ಹೋಯ್ತು), ಯಡಿಯೂರಪ್ಪನವರೂ 1983ರಿಂದ ಗೆದ್ಕೊಂಡು ಬಂದು 1999ರಲ್ಲಿ ಶಿಕಾರಿಪುರದಲ್ಲೇ ಸೋತಿದ್ರು. ಆದ್ರೆ ಗೋಪಾಲಗೌಡ್ರ ಸೋಲಿಗೆ ಒಂದು ಬೆಲೆ ಇತ್ತು, ಅದನ್ನ ನಾವೇ ಕೊಟ್ವಿ. ಹೆಂಗೆ ಅಂದ್ರೆ, ಅವರು ಹೊರಗಿದ್ದ ಆ ಐದು ವರ್ಷದಲ್ಲೇ ಮೈಸೂರು ಭೂಸುಧಾರಣಾ ಕಾಯ್ದೆ ಸದನಕ್ಕೆ ಬಂದಿದ್ದು, ಚರ್ಚೆ ಆಗಿದ್ದು, 1961ರಲ್ಲಿ ಪಾಸಾಗಿದ್ದು. ಯಾವ ವಿಷಯಕ್ಕೋಸ್ಕರ ಆ ಮನುಷ್ಯ ಜೈಲಿಗೆ ಹೋದ್ರೋ ಆ ವಿಷಯದ ಕಾನೂನು ಬರೆಯೋವಾಗ ಅವರ ಕುರ್ಚೀಲಿ ಅವರಿಲ್ಲ. ಆ ಕಾಯ್ದೆ ಜಾರಿಗೆ ಬಂದಿದ್ದೇ 1965ರ ಅಕ್ಟೋಬರ್ 2ಕ್ಕೆ. ‘ನಾನೇ ಸ್ವಂತ ಸಾಗುವಳಿ ಮಾಡ್ತೀನಿ’ ಅಂತ ಒಡೇರು ಗೇಣಿದಾರನ ಕೈಯಿಂದ ಭೂಮಿ ವಾಪಸ್ ತಗೊಳ್ಳೋದಕ್ಕೆ ಅದರಲ್ಲೇ ದಾರಿ ಇತ್ತು. ನಮ್ಮೂರಲ್ಲಿ ಕೈಗೆ ಮಣ್ಣು ಹತ್ತಿಸಿಕೊಳ್ಳದ ಎಷ್ಟು ಜನ ಇದ್ದಕ್ಕಿದ್ದಂಗೆ ಸ್ವಂತ ಸಾಗುವಳಿದಾರರಾದ್ರು ಅಂತ ಅಪ್ಪ ನಗ್ತಾ ಹೇಳ್ತಿದ್ರು. ಆಗ ನಗು ಬಂದಿರ್ಲಿಕ್ಕಿಲ್ಲ.

ಅವರೊಬ್ಬರು ಒಳಗಿದ್ದಿದ್ರೆ ಕಾನೂನು ಬದಲಾಗ್ತಿತ್ತಾ ಅಂತ ಕೇಳಿದ್ರೆ, ಒಂದು ಓಟಿನಿಂದ ಬಹುಶಃ ಇಲ್ಲ. ಆದ್ರೆ ಯಾರಾದ್ರೂ ಒಬ್ಬರು ಎದ್ದು ನಿಂತು ಈ ಸೆಕ್ಷನ್ನಿಂದ ಸಾಗರದಲ್ಲಿ, ಹೊಸನಗರದಲ್ಲಿ ಏನಾಗುತ್ತೆ ಅಂತ ಊರಿನ ಹೆಸರು ಹಿಡಿದು ಕೇಳ್ತಿದ್ರು. ಅದು ಕಡತದಲ್ಲಿ ಉಳೀತಿತ್ತು.

ಕೊನೆಗೆ ಉಳುವವನೇ ಹೊಲದೊಡೆಯ ಅನ್ನೋದು ನಿಜವಾಗಿ ಕೈಗೆ ಸಿಕ್ಕಿದ್ದು ದೇವರಾಜ ಅರಸು ಕಾಲದ ತಿದ್ದುಪಡಿ ಬಂದ್ಮೇಲೆ, 1974ರ ಮಾರ್ಚ್ 1ರಿಂದ. ಗೋಪಾಲಗೌಡ್ರು 1972ರ ಜೂನ್ 9ಕ್ಕೇ ತೀರಿಕೊಂಡಿದ್ರು, ಐವತ್ತು ತುಂಬಿರ್ಲಿಲ್ಲ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತ ಸದನದಲ್ಲಿ ಅಷ್ಟು ಗಂಟಲು ಹರ್ಕೊಂಡಿದ್ರಲ್ಲ, ಅದೂ ಆಗಿದ್ದು 1973ರ ನವೆಂಬರಲ್ಲಿ. ಎರಡನ್ನೂ ನೋಡ್ಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಗೇಣಿ ಭೂಮಿ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ ನಂಬರ್ 7 ತುಂಬಿ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯ ಮಂಡಳಿ ಮುಂದೆ ಲಾಯರ್ ಇಲ್ಲದೆ (ಆಗ ಲಾಯರ್ ಇಡೋ ಹಂಗೇ ಇರ್ಲಿಲ್ಲ, ಒಳ್ಳೇದಾಯ್ತು, ನಮಗೆಲ್ಲಿತ್ತು ದುಡ್ಡು) ನಿಂತು ಎರಡೂವರೆ ಎಕರೆ ಮಾಡಿಸಿಕೊಂಡ್ರು, ಅದರಲ್ಲಿ ಈಗ ಒಂದೂಕಾಲು ಎಕರೆ ಅಡಿಕೆ ತೋಟ, ಎಲೆಚುಕ್ಕಿ ರೋಗ ಬಂದು ಅದರ ಅರ್ಧ ಮರ ಒಣಗಿ ನಿಂತಿದೆ, ಅದು ಬೇರೆ ಕತೆ.

ನಾನು ಹೇಳ್ಬೇಕು ಅಂತ ಕೂತಿದ್ದು ಏನಂದ್ರೆ, ಈ ಮನುಷ್ಯನ ಬಗ್ಗೆ ಬರ್ದಾಗೆಲ್ಲ ಎಲ್ಲಾ ಪೇಪರಿನವರೂ ಬಡತನ, ಸರಳತೆ, ಒಂದು ನೋಟು, ಇಷ್ಟನ್ನೇ ಬರೀತೀರಿ. ಹಂಗಾದ್ರೆ ಅವರು ಒಬ್ಬ ಸನ್ಯಾಸಿ ಆಗಿದ್ರಾ? ಅವರು ಶಾಸಕರು. ಶಾಸನ ಮಾಡೋ ಜಾಗಕ್ಕೆ ಆರಿಸಿ ಹೋದವರು. ಅಲ್ಲಿ ಏನು ಮಾತಾಡಿದ್ರು, ಯಾವ ಬಿಲ್ಲಿಗೆ ಏನು ತಕರಾರು ಎತ್ತಿದ್ರು ಅಂತ ಒಂದು ಸಾಲು ಹಾಕಿ ನೋಡೋಣ. ವಿಧಾನಸಭೆ ನಡಾವಳಿ ಎಲ್ಲಾ ಪ್ರಿಂಟಾಗಿ ಇರುತ್ತೆ, ನಿಮ್ಮ ರಿಪೋರ್ಟರ್ ಹುಡುಗ ಒಂದು ದಿನ ವಿಧಾನಸೌಧದ ಲೈಬ್ರರೀಲಿ ಕೂತ್ರೆ ಅರ್ಧ ಪೇಜಲ್ಲ, ಒಂದು ವಾರಕ್ಕಾಗೋಷ್ಟು ಸಿಗುತ್ತೆ.

ಇದನ್ನ ಹೇಳೋ ಯೋಗ್ಯತೆ ನನಗೂ ಪೂರ್ತಿ ಇಲ್ಲ, ಒಪ್ಕೋತೀನಿ. ಹೋದ ಸಲ ಎಮ್ಮೆಲ್ಲೆ ನಮ್ಮೂರಿಗೆ ಬಂದಾಗ ನಾನೇನು ಕೇಳಿದೆ? ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟೋಗಿದೆ, ಬೇರೆ ಹಾಕ್ಸಿಕೊಡಿ ಅಂದೆ. ನನ್ನ ಹಿಂದಿದ್ದೋರು ಕಾಲುಸಂಕ ಕೇಳಿದ್ರು, ಅವರ ಹಿಂದಿದ್ದೋರು ಮಗಳ ಮದುವೆಗೆ ಬರ್ಲೇಬೇಕು ಅಂತ ಕಾಗದ ಕೊಟ್ರು. ಪಾಪ ಅವರು ಆ ದಿನ ನಾಲ್ಕು ಮದುವೆ, ಎರಡು ತಿಥಿ, ಒಂದು ಗೃಹಪ್ರವೇಶ ಮುಗಿಸಿ ಬಂದಿದ್ರು, ಮುಖ ನೋಡಿದ್ರೇ ಗೊತ್ತಾಗ್ತಿತ್ತು ಯಾವ ಮನೇಲಿ ಯಾರು ಸತ್ತಿದ್ದು ಅಂತ ಕನ್ಫ್ಯೂಸ್ ಆಗಿದೆ ಅಂತ. ವರ್ಷಕ್ಕೆ ಎರಡು ಕೋಟಿ ಶಾಸಕರ ನಿಧಿ ಇರುತ್ತಂತೆ, ಮಲೆನಾಡಿನ ಒಂದು ಕ್ಷೇತ್ರದ ರಸ್ತೆ ಗುಂಡಿ ಮುಚ್ಚೋಕೆ ಒಂದು ಮಳೆಗಾಲಕ್ಕೂ ಸಾಲಲ್ಲ ಅದು. ಎಲೆಕ್ಷನ್ ಖರ್ಚಿಗೆ ಆಯೋಗ ಹಾಕಿರೋ ಮಿತಿನೇ 40 ಲಕ್ಷ. ಮಿತಿ ಅಷ್ಟು, ಖರ್ಚು ಎಷ್ಟು ಅಂತ ಊರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆಗ ಕ್ಯಾಂಡಿಡೇಟು ನೋಟು ಕೇಳ್ತಿದ್ದ, ಈಗ ಓಟರು ಕೇಳ್ತಾನೆ.

ಆದ್ರೆ ಕಾನೂನಿಂದಲೇ ಬಗೆಹರೀಬೇಕಾದ ಕೆಲಸ ನಮ್ಮಲ್ಲಿ ಇವತ್ತಿಗೂ ರಾಶಿ ಬಿದ್ದಿದೆ. ಶರಾವತಿ ಮುಳುಗಡೆಯವರದ್ದೇ ತಗೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಯ್ತು, ನಾಡಿಗೆಲ್ಲ ಕರೆಂಟು ಬಂತು, ಮುಳುಗಿದ ಊರಿನವರನ್ನ ತಂದು ಕಾಡಂಚಿಗೆ ಇಳಿಸಿದ್ರು, ಹಕ್ಕುಪತ್ರ ಇನ್ನೂ ಎಷ್ಟೋ ಜನಕ್ಕೆ ಸರಿಯಾಗಿ ಆಗಿಲ್ಲ. 1952ರಲ್ಲಿ ಗೋಪಾಲಗೌಡ್ರಿಗೆ ಒಂದು ಓಟು ಒಂದು ನೋಟು ಕೊಟ್ಟ ಎಷ್ಟೋ ಮನೆಗಳು ಈಗ ಆ ನೀರಿನಡಿ ಇವೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂತಪ್ಪ ಅಂದ್ರೆ, ಬುಡಕಟ್ಟಿನವರಲ್ಲದೆ ಬೇರೆಯವರಾದ್ರೆ ಮೂರು ತಲೆಮಾರು, ಅಂದ್ರೆ 75 ವರ್ಷದ ದಾಖಲೆ ತೋರಿಸಿ ಅಂತಾರೆ. ಸರ್ಕಾರವೇ ಅರವತ್ತರ ದಶಕದಲ್ಲಿ ಲಾರೀಲಿ ತಂದು ಇಳಿಸಿದವರು 75 ವರ್ಷ ಎಲ್ಲಿಂದ ತರ್ತಾರೆ ಹೇಳಿ. ಇದು ಡೆಲ್ಲಿ ಕಾನೂನು, ನಮ್ಮ ಎಮ್ಮೆಲ್ಲೆ ಏನು ಮಾಡೋಕಾಗುತ್ತೆ ಅನ್ನಬಹುದು. ಸದನದಲ್ಲಿ ಎದ್ದು ನಿಂತು ಬಿಡದೆ ಕೇಳಬಹುದು. ಅದಕ್ಕೇ ಅಲ್ವಾ ಅಲ್ಲಿ ಮೈಕ್ ಇಟ್ಟಿರೋದು.

ಹೊಸನಗರ ಅಂತ ಒಂದು ಕ್ಷೇತ್ರವೇ ಈಗ ಇಲ್ಲ ಅನ್ನೋದನ್ನೂ ಬರೀರಿ. 2008ಕ್ಕೆ ಕ್ಷೇತ್ರ ಮರುವಿಂಗಡಣೆ ಆಗಿ ತಾಲ್ಲೂಕು ಸೀಳಿ ಒಂದಷ್ಟು ಸಾಗರಕ್ಕೆ ಒಂದಷ್ಟು ತೀರ್ಥಹಳ್ಳಿಗೆ ಹಂಚಿದ್ರು. ಈಗ ಇಬ್ಬರು ಎಮ್ಮೆಲ್ಲೆ ಇದಾರೆ ಅಂತ ಹೇಳ್ಕೋಬಹುದು, ಕೆಲಸ ಕೇಳಕ್ಕೆ ಹೋದ್ರೆ ಇಬ್ಬರ ಮನೆಯಲ್ಲೂ ‘ನೀವು ಆ ಕಡೆಯವರಲ್ವಾ’ ಅಂತಾರೆ.

ನ್ಯಾಯವಾಗಿ ಹೇಳ್ಬೇಕಂದ್ರೆ ಗೋಪಾಲಗೌಡ್ರ ನಂತರವೂ ಸ್ವಲ್ಪ ದಿನ ನಮ್ಮ ಜಿಲ್ಲೆ ಆ ದಾರಿ ಪೂರ್ತಿ ಬಿಡ್ಲಿಲ್ಲ. ಅವರು ಕಾಯಿಲೆ ಬಿದ್ದಿದ್ದ 1972ರ ಎಲೆಕ್ಷನ್ನಲ್ಲಿ ಇಡೀ ರಾಜ್ಯದಲ್ಲಿ ಸೋಷಲಿಸ್ಟರು ಗೆದ್ದಿದ್ದೇ ಮೂರು ಸೀಟು, ಮೂರೂ ನಮ್ಮ ಜಿಲ್ಲೆಯವು: ತೀರ್ಥಹಳ್ಳಿಲಿ ಕೋಣಂದೂರು ಲಿಂಗಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ಸೊರಬದಲ್ಲಿ ಬಂಗಾರಪ್ಪ. ಅದರಲ್ಲಿ ಬಂಗಾರಪ್ಪ ಮುಂದೆ ಮುಖ್ಯಮಂತ್ರಿ ಆದ್ರು, ತಿಮ್ಮಪ್ಪ 2013ರಲ್ಲಿ ಸ್ಪೀಕರ್ ಆದ್ರು. ಗೇಣಿದಾರರ ಜಗಳಕ್ಕೆ ಹೆಸರಾದ ಊರಿನ ಮನುಷ್ಯ ಸದನದ ಮೇಲಿನ ಕುರ್ಚೀಲಿ ಕೂತಿದ್ದನ್ನ ಟಿವೀಲಿ ನೋಡಿದ ದಿನ ನಮ್ಮಪ್ಪ ಸುಮ್ನೆ ಚಾನೆಲ್ ಬದಲಾಯಿಸದೆ ಒಂದು ಗಂಟೆ ಕೂತಿದ್ರು. ಆ ಮೂವರ ಮೇಲೂ ಒಂದೊಂದು ಲೇಖನ ಆಗುತ್ತೆ, ಗೆಲುವು ಸೋಲು ಎರಡೂ ಸೇರಿಸಿ ಹಾಕಿ.

1957ರ ವಿಷಯ ನಮ್ಮಜ್ಜನ್ನ ಒಂದೇ ಸಲ ಕೇಳಿದ್ದೆ, ನಾನು ಕಾಲೇಜಲ್ಲಿದ್ದಾಗ, ಕ್ರಾಂತಿ ಗೀಂತಿ ಅಂತ ತಲೆ ಬಿಸಿ ಇದ್ದ ವಯಸ್ಸು. ಮೊದಲನೇ ಸಲ ಮರದ ಡಬ್ಬಿಗೆ ಹಾಕಿದ್ರಲ್ಲ, ಎರಡನೇ ಸಲ ಯಾವುದಕ್ಕೆ ಹಾಕಿದ್ರಿ ಅಂತ. ಅಜ್ಜ ಅಡಿಕೆ ಕತ್ತರಿಸ್ತಾ ಕೂತಿದ್ರು, ತಲೆ ಎತ್ತಲಿಲ್ಲ. ‘ಜೋಡೆತ್ತಿಗೆ’ ಅಂದ್ರು. ಯಾಕೆ ಅಂದೆ. ‘ಆ ವರ್ಷ ಒಡೇರು ಗೇಣೀಲಿ ಎರಡು ಕೊಳಗ ಬಿಟ್ಟಿದ್ರು’ ಅಂದ್ರು.

ತಿದ್ದುಪಡಿ ಹಾಕ್ತೀರಿ ಅಂದ್ಕೊಂಡಿದೀನಿ, ಮೂಲೇಲಿ ಸಣ್ಣ ಅಕ್ಷರದಲ್ಲಾದ್ರೂ ಪರವಾಗಿಲ್ಲ. 1957, ಸೋಲು.

ಇಂತಿ,
ನಿಮ್ಮ ಪೇಪರಿನ ಹಳೇ ಓದುಗ,
ಹೊಸನಗರ ತಾಲ್ಲೂಕು