ಸ್ಟೀರಿಂಗ್ ಆಯ್ತು, ಹಿಂದಿನ ಆಕ್ಸಲ್ ಯಾವಾಗ ನೋಡ್ತೀರಿ?

ಸರ್ವಿಸ್ ಮ್ಯಾನೇಜರ್ ಅವರಿಗೆ,
ನಮಸ್ಕಾರ.

ಹೋದ ಸಲ ಬಂದಾಗ ನೀವು ನಿಪ್ಪಾಣಿ ಕಡೆಯವರು ಅಂತ ಗೊತ್ತಾಯಿತು. ಅದಕ್ಕೇ ಈ ದೂರನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಎರಡು ಮೇಲ್ ಹಾಕಿದ್ದೆ. ಎರಡಕ್ಕೂ ಒಂದೇ ಉತ್ತರ, ಅದೂ ಕಂಪ್ಯೂಟರ್ ಬರೆದದ್ದು.

ಕಾರು ತಗೊಂಡು ಇನ್ನೂ ಮೂರು ತಿಂಗಳಾಗಿಲ್ಲ, ಓಡಿದ್ದು 4,200 ಕಿಲೋಮೀಟರ್. ಅಷ್ಟರಲ್ಲಿ ನಿಮ್ಮಲ್ಲೇ ಮೂರು ಸಲ ಚಕ್ರಗಳ ದಿಕ್ಕು ಸರಿಮಾಡುವ ವೀಲ್ ಅಲೈನ್‌ಮೆಂಟ್ ಆಗಿದೆ. ಮೂರು ಸಲವೂ ನಿಮ್ಮ ಗೇಟು ದಾಟಿ ಬೈಪಾಸ್ ಹತ್ತುವುದರೊಳಗೆ ಮತ್ತದೇ ಕಥೆ. ಗಾಡಿ ನೇರ ಹೋಗುತ್ತದೆ, ಸ್ಟೀರಿಂಗ್ ಮಾತ್ರ ಬಲಕ್ಕೆ ವಾಲಿಕೊಂಡಿರುತ್ತದೆ. ಗಡಿಯಾರದಲ್ಲಿ ಹನ್ನೆರಡರ ಮೇಲಿದ್ದ ಮುಳ್ಳು ಒಂದು ನಿಮಿಷ ಸರಿದಷ್ಟು. ಇಷ್ಟಕ್ಕೆಲ್ಲ ಕೂಗಾಡಬೇಕಾ ಅನಿಸಬಹುದು. ಪುಣೆಯಿಂದ ಖಂಬಾಟ್ಕಿ ಘಾಟ್ ದಾಟಿ, ಸಾತಾರಾ, ಕೊಲ್ಹಾಪುರ ಹಾದು ಹುಬ್ಬಳ್ಳಿ ತನಕ ಆ ಸ್ಟೀರಿಂಗ್ ಹಿಡಿದುಕೊಂಡು ಹೋಗಿ, ಆಮೇಲೆ ಮಾತಾಡೋಣ.

ಮೊದಲ ಸಲ ನಿಮ್ಮ ಅಡ್ವೈಸರ್ ಹೇಳಿದ್ದು: "ನವೀನ್ ಗಾಡಿ ಆಹೆ ಸರ್, ಸೆಟ್ ಹೋಯೀಲ್." (ಹೊಸ ಗಾಡಿ ಸರ್, ಸೆಟ್ ಆಗುತ್ತೆ.) ಹೊಸ ಚಪ್ಪಲಿಯಾ ಸೆಟ್ ಆಗೋಕೆ? ಎರಡನೇ ಸಲ ಬ್ಯಾಲೆನ್ಸಿಂಗ್ ಕೂಡ ಮಾಡಿ ಅದರ ದುಡ್ಡನ್ನೂ ಬಿಲ್ಲಿಗೆ ಸೇರಿಸಿದರು. ಬ್ಯಾಲೆನ್ಸಿಂಗ್ ಮಾಡೋದು ಎಂಬತ್ತು, ತೊಂಬತ್ತರ ಸ್ಪೀಡಿನಲ್ಲಿ ಸ್ಟೀರಿಂಗ್ ನಡುಗಿದರೆ. ನನ್ನ ಗಾಡಿ ನಡುಗುತ್ತದೆ ಅಂತ ನಾನು ಹೇಳೇ ಇಲ್ಲ. ಮೂರನೇ ಸಲ ರಸ್ತೆಯ ಮೇಲೆ ಹಾಕಿದರು: ನೀರು ಹರಿದು ಹೋಗಲಿ ಅಂತ ರಸ್ತೆ ಎಡಕ್ಕೆ ಇಳಿಜಾರು ಇರುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ, ನೀವು ಬಲಕ್ಕೆ ತಿರುಗಿಸಿ ಹಿಡೀತೀರಿ, ಅಷ್ಟೇ ಅಂತ. ಮಾತು ಸುಳ್ಳಲ್ಲ. ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ ತೀರಾ ಬಲಗಡೆ ಲೇನಿನಲ್ಲಿ ಹೋದರೂ ಅಷ್ಟೇ ವಾಲುತ್ತದೆ, ನಮ್ಮ ಸೊಸೈಟಿಯ ಸಪಾಟು ಪಾರ್ಕಿಂಗಿನಲ್ಲೂ ಅಷ್ಟೇ. ಅಲ್ಲೂ ಇಳಿಜಾರಾ?

ಕೊನೆಗೆ ಸಿಂಹಗಡ ರಸ್ತೆಯ ಒಂದು ಟೈರ್ ಅಂಗಡಿಗೆ ಹೋದೆ. ಅಲ್ಲಿರುವವರು ವಿಜಯಪುರ ಕಡೆಯ ಹಿರಿಯರು, ಅವರ ಹತ್ತಿರ ಕಂಪ್ಯೂಟರ್ ಮಷಿನ್ ಇಲ್ಲ. ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದರು. ಆಮೇಲೆ ಮುಂದಿನ ಎರಡು ಟೈರನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಾಯಿಸಿ ನನ್ನನ್ನು ಒಂದು ಸುತ್ತು ಓಡಿಸಿಕೊಂಡು ಬರಲು ಹೇಳಿದರು. ತಪ್ಪು ಟೈರಿನದೇ ಆಗಿದ್ದರೆ ಸ್ಟೀರಿಂಗ್ ವಾಲುವುದು ಇನ್ನೊಂದು ಕಡೆಗೆ ತಿರುಗಬೇಕಿತ್ತು. ತಿರುಗಲಿಲ್ಲ. ಆಗ ಒಂದು ದಾರ ತಗೊಂಡು ಹಿಂದಿನ ಟೈರಿನ ಮಗ್ಗುಲಿಗೆ ಒತ್ತಿ ಹಿಡಿದು ಮುಂದಿನ ಟೈರಿನ ತನಕ ಬಿಗಿಯಾಗಿ ಎಳೆದರು. ಎಡಗಡೆ ದಾರ ಮುಂದಿನ ಟೈರಿಗೆ ಒತ್ತಿಕೊಂಡಿತು. ಬಲಗಡೆ ಒಂದು ಪೆನ್ಸಿಲ್ ತೂರುವಷ್ಟು ದೂರ ನಿಂತಿತು. "ಮುಂದಿಂದು ಏನೂ ಇಲ್ರಿ ಸಾಹೇಬ್ರ, ಇದು ಹಿಂದಿನ ಗಾಲಿದು" ಅಂದರು. ಇಪ್ಪತ್ತು ನಿಮಿಷದ ಕೆಲಸ. ಚಹಾದ ದುಡ್ಡೂ ತಗೊಳ್ಳಲಿಲ್ಲ.

ಮನೆಗೆ ಬಂದು ನಿಮ್ಮ ಮೂರನೇ ಸಲದ ಚಕ್ರದ ಅಳತೆಯ ಪ್ರಿಂಟ್ ತೆಗೆದು ನೋಡಿದೆ. (ಮೊದಲೆರಡು ಸಲ ಪ್ರಿಂಟ್ ಕೊಡಲೇ ಇಲ್ಲ, ಇದನ್ನು ಜಗಳ ಆಡಿ ತಂದೆ.) ಮುಂದಿನ ಚಕ್ರಗಳ ಎದುರು ಎಲ್ಲ ಹಸಿರು. ಹಿಂದಿನ ಎರಡಕ್ಕೂ ಕೆಂಪು. ಎಡದ್ದು 40 ಮಿನಿಟ್ ಒಳಗೆ ತಿರುಗಿದೆ, ಬಲದ್ದು 10 ಮಿನಿಟ್ ಹೊರಗೆ. ಅಂದರೆ ಎರಡೂ ಬಲಕ್ಕೆ ಮುಖ ಮಾಡಿವೆ. 60 ಮಿನಿಟ್ ಸೇರಿದರೆ ಒಂದು ಡಿಗ್ರಿ, ಹಾಗಾಗಿ ಅಂಕಿ ಸಣ್ಣದೇ. ಆದರೆ ಎರಡನ್ನೂ ಸೇರಿಸಿ ಸರಾಸರಿ ನೋಡಿದರೆ ಹಿಂದಿನ ಭಾಗ ಗಾಡಿಯನ್ನು 25 ಮಿನಿಟ್ ಓರೆಯಾಗಿ ತಳ್ಳುತ್ತಿದೆ. ಗಾಡಿ ನೇರ ಹೋಗಬೇಕಾದರೆ ಮುಂದಿನ ಚಕ್ರಗಳೂ ಅಷ್ಟೇ ಬಲಕ್ಕೆ ತಿರುಗಬೇಕು, ಜೊತೆಗೆ ಸ್ಟೀರಿಂಗ್ ಕೂಡ. ನಿಮ್ಮ ಹುಡುಗರು ಮೂರು ಸಲವೂ ಮಾಡಿದ್ದು ಮುಂದಿನ ಚಕ್ರಗಳ ದಿಕ್ಕು ಬದಲಿಸುವ ಟೈ ರಾಡ್ ತಿರುಗಿಸುವ ಕೆಲಸ ಮಾತ್ರ. ನಿಮ್ಮದೇ ಕಾಗದದ ಮೇಲಿದ್ದ ಕೆಂಪು ಯಾರ ಕಣ್ಣಿಗೂ ಬೀಳಲಿಲ್ಲ. ಅಥವಾ ಬಿದ್ದರೂ ಸುಮ್ನಿದ್ದರೋ, ಗೊತ್ತಿಲ್ಲ.

ಹಿಂದಿನ ಚಕ್ರ ಅಡ್ಜಸ್ಟ್ ಮಾಡಲು ಬರುವುದಿಲ್ಲ ಅಂತ ನೀವು ಹೇಳುತ್ತೀರಿ, ನನಗೂ ಗೊತ್ತು. ಹಿಂದೆ ಇರುವುದು ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಕೂಡಿಸುವ ಒಂದೇ ತೊಲೆಯ ಆಕ್ಸಲ್, ತಿರುಗಿಸಲು ನಟ್ ಇಲ್ಲ. ನನ್ನ ದೂರಿನ ತಿರುಳೇ ಅದು. ಅಡ್ಜಸ್ಟ್ ಮಾಡಲಾಗದ ಜಾಗದಲ್ಲಿ ಅಳತೆ ತಪ್ಪಿದ್ದರೆ ಒಂದೋ ಆ ಬೀಮ್ ಬಗ್ಗಿದೆ, ಇಲ್ಲವೇ ಕೂರಿಸಿದ ಜಾಗ ಸರಿಯಿಲ್ಲ. ಅಲೈನ್‌ಮೆಂಟ್ ವಾರಂಟಿಗೆ ಬರುವುದಿಲ್ಲ ಅಂತ ನಿಮ್ಮ ಅಡ್ವೈಸರ್ ಪದೇ ಪದೇ ಹೇಳುತ್ತಾರೆ. ಒಪ್ಪಿದೆ, ಹೊಂಡಕ್ಕೆ ಬಿದ್ದು ಹೋದದ್ದಾದರೆ. ಪುಣೆಯ ಮಳೆಗಾಲದಲ್ಲಿ ಹೊಂಡಕ್ಕೇನು ಬರ? ಆದರೆ ನಾನು ಮೊದಲ ದೂರು ಕೊಟ್ಟಿದ್ದು 310 ಕಿಲೋಮೀಟರಿಗೆ, ನಿಮ್ಮ ಜಾಬ್ ಕಾರ್ಡಿನಲ್ಲೇ ಇದೆ. ರಿಮ್ ಮೇಲೆ ಒಂದು ಪೆಟ್ಟಿನ ಗುರುತಿಲ್ಲ. ಆಕ್ಸಲ್ ಏನು ಬ್ರೇಕ್ ಪ್ಯಾಡ್ ಥರ ಸವೆಯುವ ಸಾಮಾನಲ್ಲ.

ಎಡಗಡೆ ಹಿಂದಿನ ಟೈರಿನ ಮೇಲೆ ಕೈ ಆಡಿಸಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ. ಹೊರಗಿನ ಅಂಚು ಆಗಲೇ ಜಾಸ್ತಿ ತಿಂದಿದೆ.

ನನಗೆ ನಾಲ್ಕನೇ ಅಲೈನ್‌ಮೆಂಟ್ ಬೇಡ. ಹಿಂದಿನ ಅಳತೆಗೆ ಹೊಂದುವ ಹಾಗೆ ಮುಂದಿನದನ್ನು ತಿರುಗಿಸಿ ಸ್ಟೀರಿಂಗ್ ನೇರ ಮಾಡಿ ಕೊಡಬಹುದು ಅಂತಲೂ ಗೊತ್ತು, ದಯವಿಟ್ಟು ಹಾಗೆ ಮಾಡಬೇಡಿ. ಆಗ ನಾಯಿ ಓಡಿದ ಹಾಗೆ ಗಾಡಿ ಓರೆಯಾಗಿ ಓಡುತ್ತದೆ, ಟೈರ್ ತಿನ್ನುವುದು ನಿಲ್ಲುವುದಿಲ್ಲ. ಬೀಮ್ ಮತ್ತು ಅದು ಕೂತ ಜಾಗ ಅಳೆಯಿರಿ, ತಪ್ಪಿದ್ದರೆ ವಾರಂಟಿಯಲ್ಲಿ ಬದಲಾಯಿಸಿ, ಆ ಟೈರನ್ನೂ ಕೊಡಿ. ಎರಡು ಸಲ ತಗೊಂಡ 1,900 ರೂಪಾಯಿ ವಾಪಸ್ ಮಾಡಿ. ಬದಲಾಯಿಸುವುದಿಲ್ಲ ಅಂತಾದರೆ ಕಾರಣವನ್ನು ಲೆಟರ್‌ಹೆಡ್ ಮೇಲೆ ಬರೆದು ಕೊಡಿ. ಹತ್ತು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. ಅಷ್ಟು ದೂರ ಹೋಗಲು ನನಗೂ ಮನಸ್ಸಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಗಾಡಿ ತರುತ್ತೇನೆ. ಮೊದಲು ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂರುತ್ತೇನೆ. ಪ್ರಿಂಟಿನ ಫೋಟೊ ಇದರ ಜೊತೆಗಿದೆ, ಅಸಲು ನನ್ನ ಹತ್ತಿರವೇ ಇರಲಿ.

ಇಂತಿ,
ನಿಮ್ಮ ಗ್ರಾಹಕ
ಕೋಥ್ರೂಡ್, ಪುಣೆ