ಕಾದು ಕೂತವರಿಗೆ ಮೊದಲ ಥ್ಯಾಂಕ್ಸ್

ನಮ್ಮ ಉಪ್ಪಿನಕಾಯಿ ಪೇಜಿಗೆ ಹೋದ ವಾರ 50 ಸಾವಿರ ಫಾಲೋವರ್ಸ್ ಆದರು. ಸಾಗರ ಪೇಟೆಯಲ್ಲಿ ಸಿಕ್ಕವರೆಲ್ಲ "ಏನ್ರೀ, ಫೇಮಸ್ ಆಗ್ಬಿಟ್ರಿ" ಅಂತಿದ್ದಾರೆ. ಖುಷಿ ಆಗದೆ ಇರುತ್ತದಾ? ಆದರೆ ಈ ಅಂಕಿ ನೋಡಿಕೊಂಡು ಕೂತರೆ ಜಾಡಿ ಖಾಲಿ ಆಗುವುದಿಲ್ಲ. ಖಾಲಿ ಮಾಡಿದವರು ಅದರಲ್ಲಿ ಸ್ವಲ್ಪ ಜನ. ಈ ಬರಹ ಮುಖ್ಯವಾಗಿ ಅವರಿಗೆ.

ಅದಕ್ಕೂ ಮುಂಚೆ ನಮಗೆ ಮಾವಿನ ಮಿಡಿ ಕೊಯ್ದು ಕೊಡುವ ಅಣ್ಣನ ವಿಷಯ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಅಪ್ಪೆಮಿಡಿ ಅಂದರೆ ಉಪ್ಪಿನಕಾಯಿಗೆ ಹಾಕುವ, ಪರಿಮಳದ ಎಳೆ ಮಾವಿನಕಾಯಿ. ಅದನ್ನು ಬಡಿದು ಉದುರಿಸುವ ಹಾಗಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸಾಕು, ಜಾಡಿಯಲ್ಲಿ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತದೆ. ತೊಟ್ಟು ಸಮೇತ ಕೊಯ್ಯಬೇಕು, ಯಾಕೆಂದರೆ ಪರಿಮಳ ಇರುವುದೇ ಸೊನೆಯಲ್ಲಿ. ಹೊಳೆ ದಂಡೆಯ ಮರಗಳು ಸುಮಾರು ಎತ್ತರ ಬೇರೆ. ಇವರು ಕೊಂಬೆ ಮೇಲೆ ಕೂತು, ಗೊಂಚಲು ಕೊಯ್ದು ಬುಟ್ಟಿಗೆ ಹಾಕಿ, ಹಗ್ಗದಲ್ಲಿ ನಿಧಾನಕ್ಕೆ ಇಳಿಸುತ್ತಾರೆ. ಬುಟ್ಟಿ ನೆಲ ಮುಟ್ಟುವಾಗ ಸದ್ದೂ ಆಗಬಾರದು, ಸದ್ದಾದರೆ ಮೇಲಿಂದಲೇ ಬೈಗುಳ!

ಆ ಬುಟ್ಟಿ ಇಳಿಸುವ ರೀಲ್ ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದರು. ಬೆಂಕಿ ಇಮೋಜಿ, ಚಪ್ಪಾಳೆ, "ಸೂಪರ್ ಬ್ರೋ". ನಾನು ಬ್ರೋ ಅಲ್ಲ, ಇರಲಿ. ಅದರಿಂದ ಬಂದ ಆರ್ಡರ್ ಮಾತ್ರ ಬೆರಳಲ್ಲಿ ಎಣಿಸುವಷ್ಟು.

ಆರ್ಡರ್ ತಂದಿದ್ದು ನಿಮ್ಮ ಪ್ರಶ್ನೆಗಳು. "ಎಣ್ಣೆನೇ ಕಾಣ್ತಿಲ್ವಲ್ಲ, ಕೆಡಲ್ವಾ?" ಅಂತ ಒಬ್ಬರು ಕೇಳಿದ್ದರು. ನಮಗೆ ಅದು ಪ್ರಶ್ನೆ ಅಂತಲೇ ಹೊಳೆದಿರಲಿಲ್ಲ. ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕುವ ಪದ್ಧತಿ ಇಲ್ಲ. ವಿಡಿಯೋದಲ್ಲಿ ಉತ್ತರ ಕೊಡಲು ಅತ್ತೆಯನ್ನು ಒಪ್ಪಿಸಿದೆ, ಮುಖ ಬೇಡ, ಕೈ ಮಾತ್ರ ಅನ್ನುವ ಷರತ್ತಿನ ಮೇಲೆ. ಜಾಡಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ವಾರಗಟ್ಟಲೆ ಬಿಟ್ಟರೆ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ. ಆ ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು ರುಬ್ಬಿ ಕಲಸುವುದು. ಕೆಡದಂತೆ ಕಾಯುವುದು ಉಪ್ಪು, ಎಣ್ಣೆಯಲ್ಲ. "ಒದ್ದೆ ಚಮಚ ಹಾಕಿದ್ರೆ ಮಾತ್ರ ನನ್ನ ಕೇಳ್ಬೇಡಿ" ಅಂತ ಅತ್ತೆ ಕೊನೆಗೆ ಹೇಳಿದ್ದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಆ ವಿಡಿಯೋ ನೋಡಿದವರು ಕಡಿಮೆ. ಆದರೆ ಸೇವ್ ಮಾಡಿಕೊಂಡರು, ಫ್ಯಾಮಿಲಿ ಗ್ರೂಪುಗಳಿಗೆ ಕಳಿಸಿದರು. ಆ ವಾರ ಅಂಚೆ ಕಚೇರಿಗೆ ಚೀಲ ಹೊತ್ತು ಸಾಕಾಯಿತು. ಆಮೇಲಿಂದ ಮುಂದಿನ ವಿಡಿಯೋ ಏನು ಮಾಡಲಿ ಅಂತ ನಾನು ತಲೆ ಕೆಡಿಸಿಕೊಂಡಿಲ್ಲ. ಕಮೆಂಟ್ ಓದುತ್ತೇನೆ, ಅಷ್ಟೆ.

ಇದನ್ನೆಲ್ಲ ಶುರು ಮಾಡಿಸಿದ್ದು ಪಕ್ಕದ ಮನೆಯ ಹುಡುಗ. 2020ರಲ್ಲಿ ಲಾಕ್‌ಡೌನ್ ಅಂತ ಬೆಂಗಳೂರಿಂದ ಬಂದಿದ್ದ. ಜೂನ್ ಕೊನೆಗೆ ಟಿಕ್‌ಟಾಕ್ ಬ್ಯಾನ್ ಆಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. "ಚಿಕ್ಕಮ್ಮ, ಈಗ್ಲೇ ಶುರು ಮಾಡಿ" ಅಂತ ಮೊಬೈಲನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿ ತೋರಿಸಿಕೊಟ್ಟ. ಆಹಾರ ಸುರಕ್ಷತಾ ನೋಂದಣಿಗೂ ಅವನೇ ಕೂತು ಅರ್ಜಿ ಹಾಕಿದ. ಆಗ ವರ್ಷಕ್ಕೆ 100 ರೂಪಾಯಿ ಶುಲ್ಕ, 14 ಅಂಕಿಯ ನಂಬರು. ಆ ನಂಬರನ್ನು ಲೇಬಲ್ಲಿನ ಮೇಲೆ ಹಾಕಿದ ಮೇಲೆ ಅಂಗಡಿಯವರು ಮಾತಾಡಿಸುವ ರೀತಿಯೇ ಬದಲಾಯಿತು.

ಇನ್ನು ವಾಟ್ಸಾಪಿನವರು. ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ ಮಾತ್ರ ಹಿಡಿಯುತ್ತಾರೆ. ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ಹೋಗುತ್ತದೆ. ಸುಮ್ನೆ ಒಬ್ಬರನ್ನು ಕೇಳಿದೆ, ಏನಂತ ಸೇವ್ ಮಾಡಿದ್ದೀರಿ ಅಂತ. "ಮಿಡಿ ಅಕ್ಕ" ಅಂದರು. ದುಡ್ಡು ಕೊಟ್ಟರೆ ಸಾವಿರಗಟ್ಟಲೆ ಫಾಲೋವರ್ಸ್ ಕೊಡಿಸ್ತೀವಿ ಅಂತ ದಿನಾ ಮೆಸೇಜ್ ಬರುತ್ತವೆ. ಅದನ್ನು ಕೊಳ್ಳುವ ಸಣ್ಣ ವ್ಯಾಪಾರಿಗಳ ಬಗ್ಗೆ ನನಗೆ ಪಾಪ ಅನ್ನಿಸುತ್ತದೆ. ದುಡ್ಡಿಗೆ ಬಂದವರು ಒಂದು ಬಾಟಲಿಯನ್ನೂ ಕೊಳ್ಳುವುದಿಲ್ಲ.

ಹೋದ ವರ್ಷ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಹೂವಿನ ಹೊತ್ತಿಗೆ ಮೋಡ ಕವಿದು, ಜಿಗಿಹುಳು ಬಿದ್ದು, ಹೂ ಕರಕಾಯಿತು. ಮಾವು ಹೇಗೂ ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕೈ ಕೊಡುವ ಮರ, ಆ ಸಲ ಪೂರ್ತಿ ಕೈ ಕೊಟ್ಟಿತು. ರಿಪ್ಪನ್‌ಪೇಟೆಯಲ್ಲಿ ಮಿಡಿಯ ರೇಟು ಕೇಳಿ ವಾಪಸ್ ಬಂದೆವು. ಬೇರೆ ಕಾಡುಮಿಡಿ ತಂದು ಅಪ್ಪೆ ಅಂತ ಮಾರಬಹುದಿತ್ತು, ಮಾರುವವರೂ ಇದ್ದಾರೆ. ಮುರಿದು ಮೂಸಿದರೆ ಗೊತ್ತಾಗುತ್ತದೆ, ಆದರೆ ಫೋಟೋದಲ್ಲಿ ಮೂಸೋಕಾಗಲ್ವಲ್ಲ! ನಾವು "ಈ ವರ್ಷ ಅಪ್ಪೆ ಇಲ್ಲ" ಅಂತ ಪೋಸ್ಟ್ ಹಾಕಿದೆವು. ಅಡ್ವಾನ್ಸ್ ಕೊಟ್ಟವರಿಗೆ ವಾಪಸ್ ಕಳಿಸಲು ಕೂತರೆ, ಅರ್ಧಕ್ಕಿಂತ ಜಾಸ್ತಿ ಜನ "ಇರ್ಲಿ ಬಿಡಿ ಅಕ್ಕ, ಮುಂದಿನ ವರ್ಷ ಕೊಡಿ" ಅಂದರು. ಆ ದುಡ್ಡಲ್ಲೇ ನಮ್ಮ ಮಳೆಗಾಲ ಕಳೆಯಿತು. ಅತ್ತೆ ಪ್ರತಿ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿದ್ದಾರೆ.

ಅದೇ ಸಮಯಕ್ಕೆ ಯಾರೋ ನಮ್ಮ ಫೋಟೋಗಳನ್ನೇ ಎತ್ತಿ ಡೂಪ್ಲಿಕೇಟ್ ಪೇಜ್ ಮಾಡಿ, "ಅಪ್ಪೆ ರೆಡಿ ಇದೆ" ಅಂತ ದುಡ್ಡು ಕೇಳತೊಡಗಿದರು. ಕಂಡುಹಿಡಿದಿದ್ದು ಮಂಗಳೂರಿನ ಒಬ್ಬ ಗಿರಾಕಿ: "ನೀವೇ ಇಲ್ಲ ಅಂದಿದ್ರಲ್ಲ, ಇದೇನಿದು?" ನೀವೆಲ್ಲ ಸೇರಿ ಆ ಪೇಜನ್ನು ರಿಪೋರ್ಟ್ ಮಾಡಿ ಇಳಿಸಿದಿರಿ. ದುಡ್ಡು ಕಳೆದುಕೊಂಡಿದ್ದ ಒಬ್ಬರಿಗೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತ ಹೇಳಿದ್ದೂ ನಿಮ್ಮಲ್ಲೊಬ್ಬರೇ. ಸೈಬರ್ ವಂಚನೆಗೆ ಅಂತಲೇ ಇರುವ ನಂಬರ್ ಅದು, ನನಗೆ ಅವತ್ತೇ ಗೊತ್ತಾಗಿದ್ದು.

ಬಾಟಲಿ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಮೇಲೆ ಟೇಪ್ ಸುತ್ತಿ ಅಂತ ಹೇಳಿಕೊಟ್ಟ ಹುಬ್ಬಳ್ಳಿಯ ಅಕ್ಕನಿಗೆ, ನಮ್ಮ ಡಬ್ಬಗಳನ್ನು ಮಗುವಿನಂತೆ ಎತ್ತಿಡುವ ಅಂಚೆ ಕಚೇರಿಯ ಅಣ್ಣನಿಗೆ ಕೂಡ ಥ್ಯಾಂಕ್ಸ್.

ಈ ಸಲ ಮರ ಕೈ ಬಿಟ್ಟಿಲ್ಲ. ಮಿಡಿ ಉಪ್ಪಿನಲ್ಲಿದೆ. ನೋಟ್‌ಬುಕ್ಕಿನಲ್ಲಿ ಇರುವವರಿಗೆ ಮೊದಲು, ಹೋದ ವರ್ಷದ ರೇಟಿಗೇ. ಆಮೇಲೆ ಉಳಿದವರಿಗೆ. ಮನೆ ಬದಲಿಸಿದವರು ಹೊಸ ವಿಳಾಸ, ಪಿನ್ ಕೋಡ್ ಸಮೇತ ವಾಟ್ಸಾಪ್ ಮಾಡಿ. ಸಂಜೆ ಹಾಲು ಕರೆಯುವ ಹೊತ್ತಲ್ಲಿ ಫೋನ್ ಮಾತ್ರ ಮಾಡಬೇಡಿ, ಎತ್ತೋಕಾಗಲ್ಲ.